ಕೊನೆಯ ಬೆಂಚಿಗೆ ಮುಟ್ಟುವ ದನಿ

ಮೇ ೧೮, ರವಿವಾರ

ಗದಿಗೆಪ್ಪಾ, ಪರದೆ ಎದ್ದಿತು. ಇಂದು ನಮ್ಮ ಡೆಟ್ರಾಯಿಟಿನ ಕನ್ನಡ ಕೂಟದ ಸಮಿತಿ ನನ್ನ ನಾಟಕಕ್ಕೆ ಒಪ್ಪಿಗೆ ಕೊಟ್ಟಿತು. ನವೆಂಬರಿನ ರಾಜ್ಯೋತ್ಸವಕ್ಕೆ ಶಿಕಾಗೋ ಬದಿಯ ಲಿಸ್ಲ್‌ನಲ್ಲಿ ಪ್ರದರ್ಶನ. ಡೆಟ್ರಾಯಿಟ್ ಕಡೆಯವರ ಮಾನ ಈಗ ನನ್ನ ಗಂಟಲಿನಲ್ಲಿದೆ. ಬರೆದವನು ನಾನು, ಆಡಿಸುವವನು ನಾನು, ಕಂಪಿಲರಾಯನಾಗಿ ಕಿರೀಟ ಇಡುವವನೂ ನಾನು. ದಿನಚರಿಯನ್ನು ಇಂದೇ ತೆರೆದದ್ದು ಅದಕ್ಕೆ. ದೊಡ್ಡ ಕೆಲಸಕ್ಕೆ ಸಾಕ್ಷಿ ಬೇಕು. ನನ್ನಷ್ಟು ನಂಬಿಗಸ್ತ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ, ಅದಕ್ಕೇ ಗದಿಗೆಪ್ಪ ಗದಿಗೆಪ್ಪನಿಗೇ ಬರೆಯುತ್ತಿದ್ದಾನೆ.

ಕಥೆ ಹಳೆಯದು. ದಿಲ್ಲಿಯ ಸುಲ್ತಾನನ ಮೇಲೆ ದಂಗೆ ಎದ್ದ ಬಹಾದ್ದೂರ್ ಖಾನ ಸೋತು, ಓಡಿ, ಕಂಪಿಲಿಯ ಬಾಗಿಲಿಗೆ ಬಂದು ಬೀಳುತ್ತಾನೆ. ಒಪ್ಪಿಸು ಎನ್ನುತ್ತಾನೆ ಸುಲ್ತಾನ. ಮರೆಹೊಕ್ಕವನನ್ನು ಕೊಡಲಾರೆ ಎನ್ನುತ್ತಾನೆ ರಾಯ. ಆ ಒಂದು ಮಾತಿಗೆ ಕೋಟೆ ಸುಡುತ್ತದೆ, ಮಕ್ಕಳು ಸಾಯುತ್ತಾರೆ, ರಾಣಿಯರು ಬೆಂಕಿಯ ಕೊಂಡಕ್ಕೆ ಹಾರುತ್ತಾರೆ. ಮಾತು ಮಾತ್ರ ಉಳಿಯುತ್ತದೆ. ಅದನ್ನು ಹೇಳುವಾಗ ಸಮಿತಿಯ ಹೆಂಗಸರು ಸಮೋಸಾ ಕೆಳಗಿಟ್ಟರು.

ಕೂಟದ ಅಧ್ಯಕ್ಷ ಅಶ್ವಥ್ ಮಾತ್ರ ಗೊಣಗಿದ. ಮೈಸೂರಿನವನು, ಗೊಣಗುವುದೂ ಮೆತ್ತಗೆ.

"ಸಾರ್, ಈ ಟೈಮಲ್ಲಿ ಖಾನನ್ನ ಹೀರೋ ಮಾಡ್ಬೇಕಾ? ನಾಳೆ ನಾಲ್ಕು ಜನ ವಾಟ್ಸಾಪಲ್ಲಿ ಶುರು ಹಚ್ಕೋತಾರೆ."

"ಈ ದೇಶದ ಅಧ್ಯಕ್ಷರ ಹೋದ ವಾರ ರಿಯಾಧಿಗೆ ಹೋಗಿ ಕಾಫಿ ಕುಡದು ಬಂದಾರ. ನಮ್ಮ ಕೂಟದ ಅಧ್ಯಕ್ಷರಿಗೆ ಏನ ತ್ರಾಸು?" ಎಂದೆ. ನಕ್ಕು ಒಪ್ಪಿದ.

ಖಾನನ ಪಾತ್ರ ದಾವಲನಿಗೆ. ದಾವಲ ಅತ್ತಾರ, ಗಜೇಂದ್ರಗಡದವನು, ನಾನು ಕೆಲಸ ಮಾಡುವ ಸ್ಟರ್ಲಿಂಗ್ ಹೈಟ್ಸ್‌ನ ಸೀಟು ತಯಾರಿಸುವ ಕಾರ್ಖಾನೆಯಲ್ಲೇ ಇಂಜಿನಿಯರ್. ನನ್ನದು ಸೇನಾ ವಾಹನದ ಸೀಟು, ಅವನದು ಟ್ರಕ್ಕಿನ ಸೀಟು. ಅಲ್ಲಿ ಎಲ್ಲರೂ ಅವನನ್ನು ಡೇವ್ ಎನ್ನುತ್ತಾರೆ. ಅವನ ಅಜ್ಜ ಬಯಲಾಟದಲ್ಲಿ ದ್ರೌಪದಿ ಆಗುತ್ತಿದ್ದನಂತೆ. ಸೆರಗು ಎಳೆದಾಗ ಊರ ಹೆಂಗಸರು ಅಳುತ್ತಿದ್ದರಂತೆ. ಮೊಮ್ಮಗನಿಗೆ ಕಣ್ಣಿದೆ, ಮೂಗಿದೆ, ಗಡ್ಡವಿದೆ. ದನಿ ಮಾತ್ರ ಇಲಿಯದು. ನನ್ನ ಅಪ್ಪ ಮೈಕಿಲ್ಲದ ಕಾಲದಲ್ಲಿ ನಾಟಕ ಕಂಪನಿಯ ರಾಜನಾಗಿದ್ದವರು. ಅವರ ದನಿ ತಂಬಿನ ಕೊನೆಯ ಬೆಂಚನ್ನು ದಾಟಿ ಹೊರಗಿನ ಚಹಾದಂಗಡಿಗೆ ಕೇಳುತ್ತಿತ್ತು. ದಾವಲನ ಗಂಟಲನ್ನು ಪಳಗಿಸುವುದು ನನ್ನ ಹೊಣೆ.

ಜೂನ್ ೭, ಶನಿವಾರ

ನಿನ್ನೆ ಬಕ್ರೀದ್, ಇಂದು ದಾವಲನ ಮನೆಯಲ್ಲಿ ಊಟ. ಅವನ ಹೆಂಡತಿ ಶಮಶಾದ ನಮಗೆಂದೇ ಬೇರೆ ಒಲೆ, ಬೇರೆ ಪಾತ್ರೆಯಲ್ಲಿ ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡಿದ್ದಳು. ನನ್ನ ಮಗಳು ತನ್ಮಯಿ, ಅವನ ಮಗಳು ತಮನ್ನಾ ಇಬ್ಬರೂ ಸೆಪ್ಟೆಂಬರಿಗೆ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವವರು. ಮೇಲಿನ ಕೋಣೆಗೆ ಹೋದವರು ಊಟಕ್ಕೆ ಕರೆದರೂ ಇಳಿಯಲಿಲ್ಲ.

ದಾವಲ ಹೇಳಿದ: "ಗದಿಗೆಪ್ಪಣ್ಣಾ, ಗ್ರೀನ್ ಕಾರ್ಡಿನ ಪಾಳೇದಾಗ ನಿಂತು ನಿಂತು ನಮ್ಮ ತಲಿ ಬೆಳ್ಳಗಾದುವು. ತಮನ್ನಾ ಇಲ್ಲೇ ಕಾಲೇಜು ಸೇರಿದ್ರ ಸಾಕು ಅಂತ ಕುಂತೀವಿ."

"ನೀ ಮೊದಲ ಖಾನ ಆಗು. ಕಾರ್ಡು ತಾನ ಬರ್ತೈತಿ," ಎಂದೆ.

ನನ್ನ ಹೆಂಡತಿ ಛಾಯಾ ಬರುವ ದಾರಿಯಲ್ಲಿ, "ಭಾಳ ಛಲೋ ಮಂದಿ," ಎಂದಳು. ಹೌದು, ಎಣ್ಣೆಗಾಯಿಗೆ ಖಾರ ತುಸು ಮುಂದಾಗಿತ್ತು.

ಜೂನ್ ೨೦, ಶುಕ್ರವಾರ

ತಾಲೀಮು. ಊಟದ ಬಿಡುವಿನಲ್ಲಿ, ಕಾರ್ಖಾನೆಯ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ. ಬಯಲಲ್ಲಿ ಪಳಗದ ಗಂಟಲು ರಂಗದಲ್ಲಿ ಒಡೆಯುತ್ತದೆ, ಇದು ಅಪ್ಪನ ಶಾಸನ. ಕಲಿಸುವವನು ಎಂದೂ ನಟನ ಮಗ್ಗುಲಿಗೆ ನಿಲ್ಲಬಾರದು. ಕೊನೆಯ ಬೆಂಚು ಎಲ್ಲಿರುತ್ತದೋ ಅಲ್ಲಿ ನಿಲ್ಲಬೇಕು. ದಾವಲನನ್ನು ಬಾಗಿಲ ಬಳಿ ನಿಲ್ಲಿಸಿ ನಾನು ಚಪಾತಿಯ ಸುರುಳಿ ಹಿಡಿದು ಆಚೆ ಬೇಲಿಯ ತನಕ ನಡೆದೆ.

ಅವನಿಗೆ ಮನಸ್ಸಿರಲಿಲ್ಲ. "ಅಣ್ಣಾ, ಇವತ್ತ ಬ್ಯಾಡ. ವಾರದಿಂದ ಟೀವಿಯೊಳಗ ಬರೇ ಇರಾನು, ಇಸ್ರೇಲು, ಬಾಂಬು. ನನ್ನ ಮಾರಿ ನೋಡೀದಿ, ಗಡ್ಡಾ ನೋಡೀದಿ. ಇಲ್ಲಿ ನಿಂತು ನಾ ಒದರಿದ್ರ ಮಂದಿ ಏನ ತಿಳಕೋತಾರ?"

"ಖಾನಗ ಸುಲ್ತಾನನ ಅಂಜಿಕಿ ಇಲ್ಲ, ನಿನಗ ಗೇಟಿನ ಗಾರ್ಡನ ಅಂಜಿಕಿ. ದ್ರೌಪದಿ ಮೊಮ್ಮಗ ಅಂತ ತೋರಿಸಿದೆಲ್ಲೋ."

ಕೆಂಪಗಾದ. ಚುಚ್ಚಿದರೇ ರಕ್ತ ಬರುವುದು, ನಟನಿಗೂ.

ಕಣ್ಣಿಗೆ ಗುರಿ ಬೇಕೆಂದು ಬೇಲಿಯಿಂದಲೇ ಕೂಗಿ ಹೇಳಿದೆ: "ಆ ಧ್ವಜದ ಕಂಬನ ಸುಲ್ತಾನ ಅಂತ ತಿಳಕೋ. ಬೊಟ್ಟ ಮಾಡು."

ಬೊಟ್ಟು ಮಾಡಿದ. ಎರಡನೇ ಅಂಕದ ಮಾತು ಹೇಳಿದ. "ಕೇಳು, ಮದಾಂಧನೇ. ನಿನ್ನ ರಾಜಧಾನಿಯ ಮೇಲೆ ಬೆಂಕಿಯ ಮಳೆ ಸುರಿಸುವೆನು. ನಿನ್ನ ಗೋಪುರಗಳು ಬೂದಿಯಾಗಿ ನಿನ್ನ ತಟ್ಟೆಯಲ್ಲಿ ಬೀಳುವ ದಿನ ದೂರವಿಲ್ಲ. ಅಂದು ನಿನ್ನ ಮಕ್ಕಳು ನೆರಳಿಗಾಗಿ ನನ್ನ ಹೆಸರು ಕೂಗಬೇಕು."

"ಕೇಳಿಸಿತೇನಣ್ಣಾ?"

"ನನ್ನ ಚಪಾತಿಗೂ ಕೇಳಿಸಲಿಲ್ಲ. ಇನ್ನೊಮ್ಮೆ."

ಇನ್ನೊಮ್ಮೆ, ಮತ್ತೊಮ್ಮೆ. ಕೊನೆಗೆ ದನಿ ಕಟ್ಟಡಕ್ಕೆ ಬಡಿದು ಮರಳಿ ಬಂತು. ಕಿಟಕಿಗಳಲ್ಲಿ ತಲೆಗಳು ಕಂಡವು. ಮೊದಲ ಸಲ ಅವನು ಖಾನನಾದ. ನನ್ನ ಕಣ್ಣಲ್ಲಿ ನೀರು. ಇಂಥ ಮಾತು ಬರೆಯಲು ಇನ್ನೊಬ್ಬ ಹುಟ್ಟಬೇಕು.

ಜೂನ್ ೨೨, ರವಿವಾರ

ನಿನ್ನೆ ಸಂಜೆ ಇರಾನಿನ ಮೇಲೆ ನಮ್ಮ ವಿಮಾನಗಳು. ಟೀವಿಯಲ್ಲಿ ಕತ್ತಲು, ನಡುವೆ ಬಿಳಿ ಬೆಳಕು. ಬೆಳಕಿನ ಸಂಯೋಜನೆ ನೋಡಿ ಕಲಿಯುವಂಥದ್ದು. ಮೂರನೇ ಅಂಕದಲ್ಲಿ ಕೋಟೆ ಸುಡುವಾಗ ಹೀಗೆಯೇ ಮೊದಲು ಪೂರ್ತಿ ಕತ್ತಲೆ ಮಾಡಬೇಕು. ಅದನ್ನೇ ಹೇಳಿದೆ. ತನ್ಮಯಿ, "ಅಪ್ಪಾ, ಪೀಪಲ್ ಲಿವ್ ದೇರ್," ಎಂದು ಎದ್ದು ಹೋದಳು. ಈ ಮಕ್ಕಳಿಗೆ ರಂಗದೃಷ್ಟಿ ಇಲ್ಲ.

ಜೂನ್ ೨೩, ಸೋಮವಾರ

ಬೆಳಿಗ್ಗೆ ರಿಕ್ ಕರೆಸಿದ. ರಿಕ್ ನಮ್ಮ ಕಂಪನಿಯ ಭದ್ರತಾ ಅಧಿಕಾರಿ. ದಪ್ಪ ಮನುಷ್ಯ, ಕೆಟ್ಟವನಲ್ಲ. ಮೇಜಿನ ಮೇಲೆ ಒಂದು ಫೋನು, ಅದರ ಪಕ್ಕದಲ್ಲಿ ನನ್ನ ಸೆಕ್ಯುರಿಟಿ ಕ್ಲಿಯರೆನ್ಸಿನ ನವೀಕರಣದ ಕಡತ. ಅದಿಲ್ಲದೆ ಸೇನಾ ವಿಭಾಗದಲ್ಲಿ ನನಗೆ ಕುರ್ಚಿಯಿಲ್ಲ. ಫೋನಿನಲ್ಲಿ ದಾವಲ. ಕಿಟಕಿಯಿಂದ ಯಾರೋ ತೆಗೆದ ವೀಡಿಯೊ. ಗಡ್ಡ, ಬೊಟ್ಟು, ಧ್ವಜದ ಕಂಬ. ಬೇಲಿ ಚೌಕಟ್ಟಿನ ಹೊರಗೆ, ಹಾಗಾಗಿ ನಾನೂ ಹೊರಗೆ.

"ಇದು ನಿನ್ನ ಭಾಷೆಯಂತೆ. ಏನು ಹೇಳುತ್ತಿದ್ದಾನೆ?" ಎಂದ ರಿಕ್.

ಅನುವಾದಿಸಿದೆ. ಒಂದು ಶಬ್ದ ಬಿಡಲಿಲ್ಲ. ಬೆಂಕಿಯ ಮಳೆಗೆ ದನಿ ಏರಿಸಿದೆ, ಮಕ್ಕಳು ಎಂಬಲ್ಲಿ ಇಳಿಸಿದೆ. ರಿಕ್‌ನ ಮುಖ ಬಿಳಿಚಿತು. ಇಂಗ್ಲಿಷಿನಲ್ಲೂ ಮಾತಿಗೆ ಶಕ್ತಿಯಿದೆ ಎಂದು ಇಂದೇ ತಿಳಿಯಿತು.

"ಇದು ನಾಟಕದ ಮಾತು, ನಾಟಕ ಬರೆದವನು ನೀನು, ಅಲ್ಲಿ ನಿಲ್ಲಿಸಿ ಹೇಳಿಸಿದವನೂ ನೀನು ಎನ್ನುತ್ತಾನೆ ಡೇವ್. ಹೌದೇ?"

ಕಡತದ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ನಾವು ನಾಟಕ ಆಡುವುದು ನಿಜ ಎಂದೆ. ರಾಜರ ಕಥೆ ಎಂದೆ. ಈ ಮಾತು ನನ್ನದೇ ಎಂದು ಖಚಿತವಾಗಿ ಹೇಳಲಾರೆ, ನಟರು ತಮ್ಮ ಹೊಟ್ಟೆಯದನ್ನೂ ಸೇರಿಸುತ್ತಾರೆ ಎಂದೆ.

"ನೀನು ಅಲ್ಲಿದ್ದೆಯಾ?"

"ನಾನು ಊಟ ಮಾಡುತ್ತಿದ್ದೆ."

ಇದರಲ್ಲಿ ಸುಳ್ಳೆಲ್ಲಿದೆ? ಚಪಾತಿ ಕೈಯಲ್ಲೇ ಇತ್ತು.

ಜೂನ್ ೨೫, ಬುಧವಾರ

ದಾವಲನ ಫೋನು.

"ಅಣ್ಣಾ, ಬ್ಯಾಜ್ ಕಸಗೊಂಡಾರ. ತನಿಖಿ ಮುಗಿಯೂ ತನಕ ಮನ್ಯಾಗ ಕುಂಡ್ರು ಅಂದಾರ. ನಿನ್ನ ಕೇಳ್ತೀವಿ ಅಂದಿದ್ರು. ಕೇಳಿದ್ರೇನು?"

"ಕೇಳಿದ್ರು."

"ಹೇಳಿದೇನು?"

"ಹೇಳೂದನ್ನ ಹೇಳೀನಿ."

ಆಚೆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾರ ಆತು ಬಿಡು. ಶಮಶಾದಗ ಹೇಳ್ತೀನಿ, ಆಕಿ ನಿನ್ನಿಯಿಂದ ಉಂಡಿಲ್ಲ. ಕೆಲಸಾ ಹೋದ್ರ ಈ ವೀಸಾದ ಮ್ಯಾಲೆ ಇಲ್ಲಿರಾಕ ಎರಡ ತಿಂಗಳ ಅಷ್ಟ ಅಣ್ಣಾ ನಮಗ. ಈ ಹೆಸರು ಅಂಟಿಕೊಂಡ್ರ ಇನ್ನೊಬ್ಬ ಯಾರ ಕೆಲಸಾ ಕೊಡ್ತಾನ? ನೀ ಇದ್ದಿ ಅಂತ ಧೈರ್ಯಾ."

ಕೊನೆಯ ಮಾತಿನಲ್ಲಿ ಎಂಥ ಇಳಿತ. ತಾಲೀಮಿನಲ್ಲಿ ತಿಂಗಳು ಬಡಿದುಕೊಂಡರೂ ಬಾರದ್ದು ಫೋನಿನಲ್ಲಿ ಸಲೀಸಾಗಿ ಬಂತು. ಬರೆದಿಟ್ಟುಕೊಳ್ಳುತ್ತೇನೆ.

ಜೂನ್ ೨೯, ರವಿವಾರ

ಅಶ್ವಥ್ ಬಂದು ಸಮಿತಿಯ ಪರವಾಗಿ ಕೆಮ್ಮಿದ. "ದಾವಲ್ ವಿಷಯ ಎಲ್ಲಾ ಕಡೆ ಹರಡಿದೆ ಸಾರ್. ಪಾಪ, ಒಳ್ಳೆ ಮನುಷ್ಯ. ಆದ್ರೆ ಪೋಸ್ಟರಲ್ಲಿ ಬೇಡ." ಪಾತ್ರ ಕೂಟದ ಖಜಾಂಚಿ ಸುರೇಶನಿಗೆ. ಸುರೇಶ ಖಾನನ ಗಡ್ಡ ಅಂಟಿಸಿಕೊಂಡರೆ ಗಣಪತಿಗೆ ಸೊಂಡಿಲ ಮೇಲೆ ಗಡ್ಡ ಬಂದಂತೆ ಕಾಣುತ್ತಾನೆ. ಕಲೆಗೆ ನಷ್ಟ. ತಾಳಿಕೊಂಡೆ.

ಜುಲೈ ೬, ರವಿವಾರ

ಬೆಳಿಗ್ಗೆಯೇ ದಾವಲ, ಶಮಶಾದ ಬಂದರು. ಹೇಳದೆ ಬಂದರು. ಛಾಯಾ ಚಹಾ ತಂದಳು. ಯಾರೂ ಮುಟ್ಟಲಿಲ್ಲ. ಅಂಕ ದೊಡ್ಡದು, ಪೂರ್ತಿ ಬರೆಯುತ್ತೇನೆ.

ದಾವಲ ಕುರ್ಚಿಯ ತುದಿಯಲ್ಲಿ ಕೂತಿದ್ದ. "ರಿಕ್ ಹೇಳಿದ. ನೀ ಖಚಿತ ಇಲ್ಲ ಅಂದೀಯಂತ."

"ಆಗ ಗಾಬರಿಯೊಳಗ ಇದ್ನೋ. ಎರಡ ದಿನಾ ಮೊದಲ ಬಾಂಬ್ ಬಿದ್ದಿತ್ತು."

"ಬಾಂಬ್ ಇರಾನಿನ್ಯಾಗ ಬಿತ್ತಣ್ಣಾ. ಗಜೇಂದ್ರಗಡದ ಅತ್ತಾರಗೂ ಇರಾನಿಗೂ ಏನ ಸಂಬಂಧ? ನಮ್ಮಪ್ಪ ಊದಿನಕಡ್ಡಿ ಮಾರ್ತಿದ್ದ."

ಛಾಯಾ ಕೇಳಿದಳು, "ಏನ್ರಿ ಇದು? ನೀವ ಬರದ ಮಾತಲ್ಲೇನ್ರಿ ಅವು? ನಾನ ಕುಂತು ಟೈಪ್ ಮಾಡೀನಿ."

ನಾನು ನಿಂತೆ. ಇಂಥ ಹೊತ್ತಿಗೆ ಕುಳಿತು ಮಾತಾಡಬಾರದು. ನನ್ನ ಕ್ಲಿಯರೆನ್ಸು, ನನ್ನ ಮನೆಯ ಸಾಲ, ಕಾಲಮಾನ, ಈ ದೇಶದ ಮನಸ್ಸು ಎಲ್ಲವನ್ನೂ ಏರಿಳಿತದೊಡನೆ ವಿವರಿಸಿದೆ. ದಾವಲ ನೆಲ ನೋಡುತ್ತಿದ್ದ. ಆಗ ಶಮಶಾದ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ದನಿ ಏರಿಸದೆ ಹೇಳಿದಳು:

"ಅಣ್ಣಾರ, ಸಾವಿರ ಮಂದಿ ಮುಂದ ಗುಡಗ್ತೀರಿ. ಒಬ್ಬನ ಮುಂದ ಪಿಸುಗುಡಾಕ ದನಿ ಇಲ್ಲೇನ್ರಿ?"

ಗದಿಗೆಪ್ಪಾ, ಕೂದಲು ನಿಮಿರಿದವು. ಅಡುಗೆಮನೆ ಬಿಟ್ಟು ಹೊರಬಾರದ ಹೆಂಗಸಿನ ಬಾಯಲ್ಲಿ ಅಂಥ ಮಾತು. ಮೂರನೇ ಅಂಕದಲ್ಲಿ ರಾಯ ಅಳುಕುವಾಗ ರಾಣಿ ಏನು ಹೇಳಬೇಕೆಂದು ತಿಂಗಳಿಂದ ತಿಣುಕುತ್ತಿದ್ದೆ. ಸಿಕ್ಕಿತು.

ನಾಳೆಯೇ ಹೋಗಿ ರಿಕ್‌ಗೆ ಎಲ್ಲ ಹೇಳುತ್ತೇನೆ ಎಂದು ಎದೆ ಮುಟ್ಟಿಕೊಂಡೆ. ದಾವಲ ಎದ್ದು ನನ್ನ ಎರಡೂ ಕೈ ಹಿಡಿದ. ಅವರು ಹೋದ ಮೇಲೆ ಕೂತು ರಾಣಿಯ ಮಾತನ್ನು ತಿದ್ದಿದೆ. "ಸಾವಿರ ಜನರೆದುರು ಗುಡುಗುವ ಪ್ರಭುವಿಗೆ ಒಬ್ಬನೆದುರು ಪಿಸುಗುಟ್ಟಲು ದನಿಯಿಲ್ಲವೇ?" ಪ್ರಭು ಸೇರಿದ ಮೇಲೆ ತೂಕ ಬಂತು.

ರಾಣಿಯ ಪಾತ್ರ ಛಾಯಾಳದೇ. ಹಾಳೆ ಕೊಟ್ಟಾಗ ಓದಿ, "ಇದು ಶಮಶಾದ ಆಡಿದ ಮಾತು," ಎಂದಳು.

"ಆಡಿದಾಕಿ ಆಕಿ. ಬರದಾಂವ ನಾನು."

ಜುಲೈ ೭, ಸೋಮವಾರ

ರಿಕ್‌ನ ಕೋಣೆಗೆ ನಾನೇ ಹೋದೆ. ಇದನ್ನು ಯಾರೂ ಮರೆಯಬಾರದು, ನಾನೇ ಹೋದೆ. ಬಾಗಿಲು ಬಡಿಯುವ ಮೊದಲೇ ಅವನು ನಗುತ್ತ ಎದ್ದು ಕೈ ಕೊಟ್ಟ. ನನ್ನ ಕ್ಲಿಯರೆನ್ಸಿನ ನವೀಕರಣ ಮುಗಿದಿತ್ತು.

"ನೀನು ಬಂದದ್ದು ಒಳ್ಳೆಯದಾಯಿತು. ಡೇವ್‌ನ ವಿಷಯ ಈ ವಾರ ಮುಗಿಸಬೇಕು. ಕೊನೆಯ ಸಲ ಕೇಳುತ್ತೇನೆ. ಆ ಮಾತುಗಳು ನಿನ್ನವೇ?"

ಹೌದು ಎಂದರೆ ಜೂನಿನಲ್ಲಿ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಒಮ್ಮೆ ರಂಗದಲ್ಲಿ ತಪ್ಪು ಮಾತು ಹೇಳಿದ ನಟ ಹಿಂದೆ ಹೋಗಿ ತಿದ್ದಿದರೆ ಆಟವೇ ಕೆಡುತ್ತದೆ. ಮುಂದುವರಿಯಬೇಕು. ಇದೂ ಅಪ್ಪನ ಶಾಸನ.

"ಅಲ್ಲ," ಎಂದೆ.

ರಿಕ್‌ಗೆ ಎಲ್ಲ ಹೇಳಿದೆನೆಂದು ಛಾಯಾಗೂ ದಾವಲನಿಗೂ ಹೇಳಿದೆ. ಮೇಲಿನವರು ಮೊದಲೇ ನಿರ್ಧರಿಸಿಬಿಟ್ಟಿದ್ದರು, ನನ್ನ ಮಾತು ನಡೆಯಲಿಲ್ಲ ಎಂದೆ. ದಾವಲ, "ನೀ ಹೇಳಿದೆಲ್ಲಣ್ಣಾ, ಅಷ್ಟ ಸಾಕು," ಎಂದ. ಛಾಯಾ ರಾತ್ರಿ ನನಗಿಷ್ಟವೆಂದು ಬೆಲ್ಲದ ಮಾದಲಿ ಮಾಡಿದಳು.

ಜುಲೈ ೧೧, ಶುಕ್ರವಾರ

ದಾವಲನನ್ನು ತೆಗೆದರು.

ಆಗಸ್ಟ್ ೧೬, ಶನಿವಾರ

ಸುರೇಶನಿಗೆ ಕೋಪವೇ ಬರುವುದಿಲ್ಲ. ಬೆಂಕಿಯ ಮಳೆ ಸುರಿಸುವೆನು ಎನ್ನುವಾಗ ಟ್ಯಾಕ್ಸ್ ಕಟ್ಟುವವನಂತೆ ನಿಲ್ಲುತ್ತಾನೆ. ದಾವಲ ದಿನವೂ ಸಂದರ್ಶನ ಕೊಡುತ್ತಿದ್ದಾನಂತೆ. ಹಳೆಯ ಕೆಲಸ ಯಾಕೆ ಬಿಟ್ಟೆ ಎಂಬಲ್ಲಿಗೆ ಬಂದು ಎಲ್ಲವೂ ನಿಲ್ಲುತ್ತದಂತೆ. ಅವನನ್ನು ಒಮ್ಮೆ ಕರೆಸಿ ಸುರೇಶನಿಗೆ ಆ ಮಾತು ಹೇಳಿ ತೋರಿಸಲು ಹೇಳೋಣವೆಂದುಕೊಂಡೆ. ಛಾಯಾ ಬೇಡವೆಂದು ಕೂಗಿದಳು. ತಾಲೀಮಿನಲ್ಲಿ ಇಷ್ಟು ದನಿ ತೆಗೆದಿದ್ದರೆ ಒಳ್ಳೆಯದಿತ್ತು.

ಸೆಪ್ಟೆಂಬರ್ ೬, ಶನಿವಾರ

ಎರಡು ತಿಂಗಳ ಗಡುವು ತೀರುತ್ತ ಬಂತು, ದಾವಲನ ಮನೆಯವರು ಇಂದು ಊರಿಗೆ ಹೋದರು. ಮಧ್ಯಾಹ್ನ ವಿಮಾನ ನಿಲ್ದಾಣದಿಂದ ದಾವಲನ ಫೋನು. ಅರಮನೆಯ ದೃಶ್ಯದ ತಾಲೀಮು ನಡೆದಿತ್ತು, ಆದರೂ ತೆಗೆದುಕೊಂಡೆ.

"ಹೊಂಟ್ವಿ ಅಣ್ಣಾ. ಒಂದ ಮಾತು. ಅವತ್ತ ಶಮಶಾದ ನಿಮ್ಮ ಮನ್ಯಾಗ ಹಂಗ ಅನ್ನಬಾರದಿತ್ತು. ನೀ ಮರುದಿನಾನ ಹೋಗಿ ಹೇಳಿದಿ. ಕೈಲಾದದ್ದು ಮಾಡಿದಿ. ಮನಸಿನ್ಯಾಗ ಇಟಗೋಬ್ಯಾಡ."

ಕ್ಷಮಿಸಿದೆ. ನನ್ನಲ್ಲಿ ಹಗೆ ಉಳಿಯುವುದಿಲ್ಲ, ಅದು ನನ್ನ ದೌರ್ಬಲ್ಯ.

ಛಾಯಾ, ತನ್ಮಯಿ ಬೀಳ್ಕೊಡಲು ಹೋಗಿದ್ದರು. ತನ್ಮಯಿಯ ಕಣ್ಣು ಊದಿದ್ದವು. ತಮನ್ನಾ ಚೆಕ್-ಇನ್ ಸಾಲಿನಲ್ಲಿ ನಿಂತು ಕನ್ನಡ ಓದುವುದನ್ನು ಕಲಿಯುತ್ತಿದ್ದಳಂತೆ, ಅಲ್ಲಿ ಪಿಯುಸಿಗೆ ಬೇಕಾಗಬಹುದೆಂದು. ಛಾಯಾ ನೇರ ಮಲಗಲು ಹೋದಳು.

ನವೆಂಬರ್ ೧೯, ಬುಧವಾರ

ಎಷ್ಟು ದಿನವಾಯಿತು ಬರೆದು. ಬರೆಯುವವನು ಬೆವರಿನಲ್ಲಿದ್ದ.

ಗದಿಗೆಪ್ಪಾ, ಕಾಲ ಹೇಗೆ ಬಣ್ಣ ಬದಲಿಸಿತು ನೋಡು. ಒಂದು ಕಾಲಕ್ಕೆ ಯಾರ ತಲೆಗೆ ಈ ದೇಶ ಬಹುಮಾನ ಕಟ್ಟಿತ್ತೋ ಆ ಸಿರಿಯಾದ ಅಧ್ಯಕ್ಷನನ್ನೇ ಹೋದ ವಾರ ಶ್ವೇತಭವನದಲ್ಲಿ ಕೂರಿಸಿದರು. ನಿನ್ನೆ ಅರಬ್ ಯುವರಾಜನಿಗೆ ಕುದುರೆಗಳ ಮೆರವಣಿಗೆ, ಆಕಾಶದಲ್ಲಿ ಯುದ್ಧವಿಮಾನದ ಆರತಿ, ರಾತ್ರಿ ಔತಣ. ಒಂದೇ ರಾತ್ರಿಯಲ್ಲಿ ರಾವಣನ ವೇಷ ಕಳಚಿ ವಿಭೀಷಣನಾಗುವವರನ್ನು ಅಪ್ಪನ ನಾಟಕ ಕಂಪನಿಯಲ್ಲೂ ಕಂಡಿರಲಿಲ್ಲ.

ನಮ್ಮ ಕಾರ್ಖಾನೆಗೂ ಕೊಲ್ಲಿಯ ಒಂದು ರಾಜ್ಯದಿಂದ ದೊಡ್ಡ ಬೇಡಿಕೆ ಬರುವ ಮಾತಿದೆ. ಅಲ್ಲಿನ ಸೇನೆಯವರು ಈ ವಾರ ಲಿಸ್ಲ್‌ನ ನಮ್ಮ ಮುಖ್ಯ ಕಛೇರಿಗೆ ಬಂದಿದ್ದಾರೆ, ನಡುವೆ ಒಂದು ದಿನ ನಮ್ಮಲ್ಲಿಗೂ ಬರುತ್ತಾರೆ. ಜೂನಿನಲ್ಲಿ ಗಡ್ಡ ಕಂಡರೆ ಬೆವರುತ್ತಿದ್ದ ರಿಕ್ ಈಗ ಪ್ರಾರ್ಥನೆಗೆ ಕೋಣೆ ಖಾಲಿ ಮಾಡಿಸುತ್ತಿದ್ದಾನೆ, ಹಲಾಲ್ ಊಟಕ್ಕೆ ಓಡಾಡುತ್ತಿದ್ದಾನೆ. "ಡೇವ್ ಇದ್ದಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು," ಎಂದ ನನ್ನ ಬಳಿ.

"ಅವನಿಗೆ ತಾಳ್ಮೆ ಸಾಲದು," ಎಂದೆ. ಅವರನ್ನು ಹೇಗೆ ಸ್ವಾಗತಿಸಬೇಕೆಂದು ನಾನೇ ತೋರಿಸಿಕೊಟ್ಟೆ. ಬಲಗೈ ಎದೆಗೆ, ಸ್ವಲ್ಪ ಬಾಗು, ಕಣ್ಣಲ್ಲಿ ಗೌರವ. ಖಾನನ ಮುಂದೆ ಕಂಪಿಲರಾಯ ಮಾಡುವುದು ಅದನ್ನೇ.

ಅಶ್ವಥ್ ದಿನಕ್ಕೆ ಮೂರು ಸಲ ಫೋನು ಮಾಡುತ್ತಾನೆ. "ಸಾರ್, ಈ ಸಬ್ಜೆಕ್ಟ್ ಈಗ ಸಖತ್ ಹಾಟ್. ದುಬೈ ಕನ್ನಡದವರು ಜನವರಿಗೆ ಕರೀತಿದಾರೆ. ಹಿಂದೂ ದೊರೆ, ಮುಸ್ಲಿಂ ಅತಿಥಿ, ಏನ್ ಥೀಮ್ ಸಾರ್. ಖಾನನ ಮುಖ ಪೋಸ್ಟರಲ್ಲಿ ದೊಡ್ಡದಾಗಿ ಹಾಕಿಸ್ತೀನಿ."

ಶನಿವಾರ ಪ್ರದರ್ಶನ. ರಿಕ್‌ನನ್ನೂ ಅರಬ್ ಅತಿಥಿಗಳನ್ನೂ ಆಹ್ವಾನಿಸಿದ್ದೇನೆ. ಕನ್ನಡ ಬಾರದವರಿಗಾಗಿ ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಓಡುತ್ತವೆ; ಅನುವಾದ ತನ್ಮಯಿಯದು. ಅಚ್ಚುಕಟ್ಟಾಗಿ ಮಾಡಿದ್ದಾಳೆ, ಒಂದು ಶಬ್ದ ಬಿಟ್ಟಿಲ್ಲ.

ನವೆಂಬರ್ ೨೩, ರವಿವಾರ

ಗೆದ್ದೆ.

ನಿನ್ನ ಕೈಯಿಂದಲೇ ಬರೆದುಕೋ ಗದಿಗೆಪ್ಪಾ, ಗೆದ್ದೆ. ಹೈಸ್ಕೂಲಿನ ಸಭಾಂಗಣ ಕಿಕ್ಕಿರಿದಿತ್ತು. ನೇಪರ್‌ವಿಲ್‌ನಿಂದ, ಅರೋರಾದಿಂದ ಬಂದವರು ಮೆಟ್ಟಿಲ ಮೇಲೆ ಕೂತಿದ್ದರು. "ಮರೆಹೊಕ್ಕವನನ್ನು ಕೊಡಲಾರೆ, ಹೋಗಿ ಹೇಳು ನಿನ್ನ ಸುಲ್ತಾನನಿಗೆ" ಎಂದು ನಾನು ದೂತನ ಮೇಲೆ ಗುಡುಗಿದಾಗ ಇಡೀ ಸಭೆ ಎದ್ದು ನಿಂತು ಒನ್ಸ್‌ಮೋರ್ ಎಂದಿತು. ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳುತ್ತಿದ್ದೆ, ಸುರೇಶ ಗಾಬರಿಯಲ್ಲಿ ಮುಂದಿನ ಮಾತು ಆಡಿಬಿಟ್ಟ. ಛಾಯಾ ರಾಣಿಯಾಗಿ ಪಿಸುಗುಟ್ಟುವ ಮಾತು ಹೇಳುವಾಗ ಸಭೆಯ ಕಡೆ ತಿರುಗಬೇಕಿತ್ತು. ನನ್ನನ್ನೇ ನೋಡಿ ಹೇಳಿದಳು. ತಪ್ಪು, ಆದರೆ ಪರಿಣಾಮ ಚೆನ್ನಾಗಿತ್ತು.

ಪರದೆ ಬಿದ್ದ ಮೇಲೆ ಗ್ರೀನ್ ರೂಮಿಗೆ ರಿಕ್ ಅತಿಥಿಗಳನ್ನು ಕರೆತಂದ. ಮುಂದೆ ಬಂದವನು ಕರ್ನಲ್, ನೀಳವಾದ ಬೂದುಬಣ್ಣದ ಗಡ್ಡ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ: "ಬೆಂಕಿಯ ಮಳೆ, ತಟ್ಟೆಯಲ್ಲಿ ಬೀಳುವ ಬೂದಿ. ಓಡಿಬಂದವನ ಸಿಟ್ಟನ್ನು ಇಷ್ಟು ಬಲ್ಲ ಆ ಮಾತು ಯಾರದು?"

ನನ್ನ ಕಿರೀಟ ಇನ್ನೂ ತಲೆಯ ಮೇಲಿತ್ತು. ಸುತ್ತ ಅಶ್ವಥ್, ಸುರೇಶ, ಬಣ್ಣ ಹಚ್ಚುವ ಹೆಂಗಸರು, ಪಕ್ಕದಲ್ಲಿ ಛಾಯಾ. ಬಾಗಿದೆ.

"ನನ್ನದು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನನ್ನದೇ."

ಚಪ್ಪಾಳೆ ಬಿತ್ತು. ರಿಕ್ ಚಪ್ಪಾಳೆ ತಟ್ಟಲಿಲ್ಲ. ತಲೆ ಓರೆ ಮಾಡಿ ನನ್ನನ್ನು ನೋಡಿದ.

"ಪಾರ್ಕಿಂಗ್ ಲಾಟಿನ ಮಾತು ಇದೇ ಅಲ್ಲವೇ? ಪರದೆಯ ಮೇಲೆ ಓದಿದಾಗಲೇ ಗುರುತು ಹತ್ತಿತು. ಹಾಗಾದರೆ ಡೇವ್ ಹೇಳಿದ್ದು ನಿಜ. ಜುಲೈನಲ್ಲಿ ನೀನೇ ನನ್ನ ಕೋಣೆಗೆ ಬಂದು ಅಲ್ಲ ಎಂದೆಯಲ್ಲ."

ನಾನು ಕರ್ನಲನ ಕಡೆ ನಕ್ಕೆ. ಛಾಯಾ ನನ್ನ ತೋಳು ಹಿಡಿದಳು.

"ಜುಲೈದಾಗ ಅಲ್ಲ ಅಂದ್ರಿ?"

"ಪಾವ್ಣ್ಯಾರ ಅದಾರ. ಆಮ್ಯಾಲೆ."

ಆಮೇಲೆ ಎಂದರೆ ಆಮೇಲೆ ಎನ್ನುವಷ್ಟು ಬುದ್ಧಿ ಇಪ್ಪತ್ತು ವರ್ಷದ ಸಂಸಾರದಲ್ಲಿ ಬರಬೇಕಿತ್ತು. ಅವಳು ರಿಕ್‌ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು, "ಅವರು ಹೌದು ಅಂದಿದ್ದರೆ?"

"ಅವತ್ತೇ ಮುಗಿಯುತ್ತಿತ್ತು," ಎಂದ ರಿಕ್. "ಒಂದು ಬುದ್ಧಿವಾದ ಹೇಳಿ ಡೇವ್‌ನನ್ನು ಮರುದಿನ ಕೆಲಸಕ್ಕೆ ಕರೆಯುತ್ತಿದ್ದೆವು." ಕರ್ನಲ್ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ರಿಕ್ ಅದನ್ನು ನೋಡಿದ, ತನ್ನ ಟೈ ಸರಿಮಾಡಿಕೊಂಡ, ನನ್ನ ಬೆನ್ನು ತಟ್ಟಿದ. "ಹೋಗಲಿ. ಅವನ ಜಾಗಕ್ಕೆ ಬೇರೆಯವರು ಬಂದಾಯಿತು. ಇವತ್ತು ಒಳ್ಳೆಯ ಸಂಜೆ."

ನೋಡಿದೆಯಾ ಗದಿಗೆಪ್ಪಾ. ದೊಡ್ಡ ಮನಸ್ಸಿನ ಮನುಷ್ಯ.

ಛಾಯಾ ಅಲ್ಲಿಯೇ, ಎಲ್ಲರೆದುರು, ಫೋನು ತೆಗೆದು ಗಜೇಂದ್ರಗಡಕ್ಕೆ ಹಚ್ಚಿದಳು. ಅಲ್ಲಿ ಬೆಳಗಿನ ಹೊತ್ತು. "ಶಮಶಾದ, ನಾನು. ನಿಮ್ಮ ಅಣ್ಣಾರು ಹೇಳಿದ್ದು ಸುಳ್ಳು. ಅವ್ರು ಹೋಗಿ ಅಲ್ಲ ಅಂದಿದ್ರಂತ." ಆಮೇಲೆ ಕೇಳುತ್ತ ನಿಂತಳು. ರಾಣಿಯ ಬಣ್ಣ ಗಲ್ಲದ ಮೇಲೆ ಗೆರೆಗೆರೆಯಾಗಿ ಇಳಿಯಿತು. ತನ್ಮಯಿ ಬಂದು ಅವಳ ಬೆನ್ನಿಗೆ ಕೋಟು ಹೊದಿಸಿದಳು. ಇಬ್ಬರೂ ಲಿಸ್ಲ್‌ನಲ್ಲೇ ಇರುವ ಛಾಯಾಳ ತಂಗಿಯ ಮನೆಗೆ ಹೋದರು. ನಾನೊಬ್ಬನೇ ಡ್ರೈವ್ ಮಾಡಿಕೊಂಡು ಬಂದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋರಾಗಿ ಹೇಳಿಕೊಂಡು ಬಂದೆ, ನಿದ್ದೆ ಬರಲಿಲ್ಲ.

ನವೆಂಬರ್ ೨೬, ಬುಧವಾರ

ಛಾಯಾ ಬಂದಿಲ್ಲ. ತನ್ಮಯಿಗೆ ಶಾಲೆ ಇದೆ ಎಂದು ಸಂದೇಶ ಕಳಿಸಿದೆ. ಉತ್ತರ ಇಲ್ಲ. ನಾಳೆ ಥ್ಯಾಂಕ್ಸ್‌ಗಿವಿಂಗ್, ಬರುತ್ತಾರೆ.

ಕಾರ್ಖಾನೆಯಲ್ಲಿ ಬೇಡಿಕೆ ಖಾಯಂ ಆಯಿತು. ನನ್ನ ಹೆಸರನ್ನು ಸಭೆಯಲ್ಲಿ ಹೇಳಿದರಂತೆ.

ಡಿಸೆಂಬರ್ ೫, ಶುಕ್ರವಾರ

ಛಾಯಾ ಇಂದು ಬಂದಳು. ತಂಗಿಯ ಗಂಡ ಹೊರಗೆ ಕಾರಿನಲ್ಲೇ ಕೂತಿದ್ದ. ಎರಡು ಸೂಟ್‌ಕೇಸು, ತನ್ಮಯಿಯ ಪುಸ್ತಕಗಳು, ಇಸ್ತ್ರಿ ಪೆಟ್ಟಿಗೆ. ನಾನು ಮಾತಾಡಿದೆ. ಕಾಲ ಕೆಟ್ಟದಿತ್ತು ಎಂದೆ, ಸಂಸಾರಕ್ಕಾಗಿ ಮಾಡಿದೆ ಎಂದೆ, ದಾವಲ ಅಲ್ಲಿ ಸುಖವಾಗಿಯೇ ಇರುತ್ತಾನೆ ಎಂದೆ.

"ಪೇಂಟಿನ ಅಂಗಡ್ಯಾಗ ಲೆಕ್ಕಾ ಬರಿಯಾಕತ್ತಾನ," ಎಂದಳು ಬಟ್ಟೆ ಮಡಿಸುತ್ತ. "ತಮನ್ನಾ ಕಾಲೇಜು ಬಿಟ್ಟಾಳ. ಇಂಗ್ಲಿಷ್ ಮಾತಾಡಿದ್ರ ನಗ್ತಾರ, ಕನ್ನಡ ಓದಾಕ ಬರೂದಿಲ್ಲ."

"ಅದಕ್ಕ ನಾ ಏನ ಮಾಡಲಿ ಹೇಳು?"

ನನ್ನನ್ನು ನೋಡಿದಳು. ಬಹಳ ಹೊತ್ತು. ಏನಾದರೂ ಹೇಳುತ್ತಾಳೆಂದು ಕಾದೆ. ಇಂಥ ಮೌನದ ನಂತರ ದೊಡ್ಡ ಮಾತು ಬರಲೇಬೇಕು. ಬರಲಿಲ್ಲ. ಸೂಟ್‌ಕೇಸಿನ ಜಿಪ್ಪು ಎಳೆದಳು, ಹೋದಳು.

ದುಬೈ ಪ್ರದರ್ಶನ ಜನವರಿಯ ಮೂರನೇ ಶನಿವಾರ. ರಾಣಿಯ ಪಾತ್ರಕ್ಕೆ ಬೇರೆ ಯಾರನ್ನಾದರೂ ನೋಡಬೇಕು. ಟ್ರಾಯ್‌ನ ನವ್ಯಶ್ರೀಗೆ ಎತ್ತರ ಸಾಲದು. ಆದರೆ ಹೇಳಿದಂತೆ ಕೇಳುತ್ತಾಳೆ.